ಮುನ್ನೂರೆರಡರವರಿಗೆ ಒಂದು ಮಾತು

ಥಾಮಕ್ಕ ಒಂದು ಕಡೆ ನೆಟ್ಟಗೆ ನಿಂತದ್ದನ್ನು ಕಂಡವರು ಕಡಿಮೆ. ಬೆಳಗ್ಗೆ ಐದಕ್ಕೆ ಲಾಡ್ಜಿನ ಕಬ್ಬಿಣದ ಬಾಗಿಲು ಎಳೆದು, ರಾತ್ರಿ ಒಳಗೆ ನಿಲ್ಲಿಸಿದ್ದ ಗಿರಾಕಿಗಳ ಬೈಕುಗಳನ್ನೆಲ್ಲ ಒಬ್ಬಳೇ ಗಲ್ಲಿಗೆ ತಳ್ಳಿ, ಬಾಗಿಲ ಬಳಿ ನೆಲದ ಮೇಲೆ ಕೂತಿರುವ ಭೂಮಿದೇವರಿಗೆ ಒಂದು ಲೋಟ ಕಾಫಿ, ಒಂದು ಸಿಗರೇಟು ಇಟ್ಟು, ಐದು ಮಹಡಿ ಹತ್ತಲು ಶುರುಮಾಡಿದರೆ ಮುಗಿಯಿತು. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಆ ಲಾಡ್ಜೋ, ಒಂದು ಕೋಣೆಯಷ್ಟೇ ಅಗಲ. ಹನ್ನೊಂದು ಕೋಣೆಯನ್ನು ಒಂದರ ತಲೆಯ ಮೇಲೊಂದು ಪೇರಿಸಿಟ್ಟಿದ್ದಾರೆ. ನಾಲ್ಕಕ್ಕೆ ಕಿಟಕಿಯೇ ಇಲ್ಲ. ಸೈಗಾನಿನಲ್ಲಿ ಅಗ್ಗದ ಲಾಡ್ಜು ಎಂದರೆ ಹಾಗೆಯೇ, ಕಿಟಕಿ ಬೇಕಾದವರು ಬೇರೆ ಕಡೆ ಹೋಗಬೇಕು.

"ಈ ಹೆಂಗಸು ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾಳೆ" ಎನ್ನುತ್ತಿದ್ದ ಚಿನ್ ಮಾಮ. ಲಾಡ್ಜಿನ ಎದುರಿನ ಗೋಡೆಗೆ ತಗಡು ಚಾಚಿಕೊಂಡು ಕಾಫಿ ಮಾರುವ ಎಪ್ಪತ್ತರ ಮುದುಕ ಅವನು.

ಥಾಮಕ್ಕನಿಗೆ ಐವತ್ತೆರಡು. ದಕ್ಷಿಣದ ಹೊಳೆಸೀಮೆಯ ಕಾವ್ ಲಾನ್‌ನವಳು. ಹತ್ತೊಂಬತ್ತಕ್ಕೆ ಬಸ್ಸು ಹತ್ತಿ ಸೈಗಾನಿಗೆ ಬಂದವಳು ಏನೇನೋ ಕೆಲಸ ಮಾಡಿ ಕೊನೆಗೆ ಈ ಲಾಡ್ಜಿಗೆ ಅಂಟಿಕೊಂಡು ಇಪ್ಪತ್ತಮೂರು ವರ್ಷ. ಗಂಡ ಎಂಬುವನೊಬ್ಬನಿದ್ದ; ಲಾರಿ ಓಡಿಸುತ್ತಿದ್ದವನು ಓಡಿಸುತ್ತ ಓಡಿಸುತ್ತ ಎಲ್ಲಿಗೋ ಹೊರಟುಹೋದ. ಅವನ ಮಾತೆತ್ತಿದರೆ "ಅವನ ಡೀಸೆಲ್ ಇನ್ನೂ ಮುಗಿದಿಲ್ಲ ಬಿಡು" ಎಂದು ಬಕೆಟ್ಟು ಎತ್ತಿಕೊಂಡು ಹೊರಟುಬಿಡುತ್ತಾಳೆ.

ಓದು ಐದನೇ ಕ್ಲಾಸಿಗೆ ನಿಂತರೂ ಒಂದು ವಿಷಯದಲ್ಲಿ ಅವಳಿಗೆ ಜಂಭವಿತ್ತು. ಯಾವ ಸೀಮೆಯ ಗಿರಾಕಿ ಬಂದರೂ ಅವರ ಮಾತಿನಲ್ಲೇ ಮಾತಾಡಿಸಬಲ್ಲೆ ಎಂಬ ಜಂಭ. ಈ ದೇಶ ಉದ್ದಕ್ಕೆ ಮಲಗಿದೆಯಲ್ಲ, ತಲೆಯ ಕಡೆಯವರು ಚಮಚಕ್ಕೆ ಒಂದು ಹೆಸರಿಟ್ಟರೆ ಕಾಲಿನ ಕಡೆಯವರು ಇನ್ನೊಂದು ಇಟ್ಟಿದ್ದಾರೆ. ಅನಾನಸಿಗೆ ಎರಡು, ಹಂದಿಗೆ ಎರಡು, ಹೆತ್ತ ತಾಯಿಗೇ ಎರಡು ಹೆಸರು. ಹನೋಯ್ ಕಡೆಯವರು ಬಂದು ಕೀಲಿ ಕೇಳುವಷ್ಟರಲ್ಲಿ ಥಾಮಕ್ಕನ ನಾಲಿಗೆ ಉತ್ತರಕ್ಕೆ ಹೊರಳಿರುತ್ತಿತ್ತು. ಅವರೂ ಖುಷಿಪಟ್ಟು "ಅಕ್ಕಾರು ನಮ್ಮ ಕಡೆಯವರೇನು?" ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗಾಗಿ ಅವಳು ಐದು ಮಹಡಿ ಇನ್ನೊಂದು ಸಲ ಹತ್ತಿಯಾಳು.

ಆ ವರ್ಷದ ಬೇಸಿಗೆಯಲ್ಲಿ ಮುನ್ನೂರೆರಡನೇ ಕೋಣೆಗೆ ಲುವಾನ್ ಬಂದಿಳಿದಿದ್ದ. ಉತ್ತರದ ಥಾಯ್ ಬಿನ್ ಕಡೆಯವನು, ನಲವತ್ತನಾಲ್ಕರ ಆಸುಪಾಸು. ಊರಿನಲ್ಲಿ ಸಣ್ಣದೊಂದು ಹೊಲಿಗೆ ಕಾರ್ಖಾನೆ ಇಟ್ಟಿದ್ದ. ಹಳೆಯ ಹೊಲಿಗೆ ಮಷಿನ್ ಕೊಳ್ಳಲು ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ, ಮಾತಿಗೊಂದು 'ರೀ'. ಬಂದ ಎರಡನೇ ದಿನವೇ ಬೈಕಿನಲ್ಲಿ ಬಂದ ಕಳ್ಳರು ಅವನ ಕೈಯಿಂದ ಮೊಬೈಲು ಕಿತ್ತುಕೊಂಡು ಹೋಗಿದ್ದರು. ಅದಕ್ಕೇ ಹೆಂಡತಿಗೆ ಲಾಡ್ಜಿನ ನಂಬರು ಕೊಟ್ಟಿದ್ದ.

ಗುರುವಾರ ಬೆಳಗ್ಗೆ ಆರಕ್ಕೆ ಕೌಂಟರಿನ ಫೋನು ಹೊಡೆದುಕೊಂಡಿತು. ಆ ಹೊತ್ತಿಗೆ ಸರಿಯಾಗಿ ನೀರಿನ ಕ್ಯಾನಿನವನು ಬಾಗಿಲಲ್ಲಿ ಕೂಗುತ್ತಿದ್ದಾನೆ, ಕೋಣೆ ಬಿಡುತ್ತಿದ್ದ ಗಂಡಹೆಂಡಿರು ತಮ್ಮ ಗುರುತಿನ ಚೀಟಿ ವಾಪಸು ಕೊಡಿ ಎಂದು ಕೌಂಟರು ಕುಟ್ಟುತ್ತಿದ್ದಾರೆ. ಥಾಮಕ್ಕ ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡಳು.

"ಅಕ್ಕಾ, ಮುನ್ನೂರೆರಡರಲ್ಲಿ ಇರೋ ಲುವಾನ್ ಅವರ ಮನೆಯವಳು ನಾನು, ಡಿಯೆಮ್ ಅಂತ. ಅವರಿಗೊಂದು ಮಾತು ತಿಳಿಸ್ತೀರಾ?"

ಥಾಮಕ್ಕನ ಮುಖ ಅರಳಿತು. ಥಾಯ್ ಬಿನ್‌ನಿಂದ ಬಂದ ಫೋನಿನಲ್ಲಿ ತನ್ನೂರಿನ ರಾಗ!

"ಅಯ್ಯೋ ನಿನ್ನ! ನೀನು ನಮ್ಮ ಕಡೆಯವಳಲ್ವೇನೇ? ಯಾವೂರು?"

"ಸಾ ಡೆಕ್, ಅಕ್ಕ."

"ನಾನು ಕಾವ್ ಲಾನ್! ಹೊಳೆ ದಾಟಿದ್ರೆ ನಿಮ್ಮೂರು. ಎಲ್ಲಿ ಹೋಗಿ ಬಿದ್ದಿದೀಯೇ ಮಾರಾಯ್ತಿ, ಆ ಚಳೀಲಿ ಹೆಂಗಿದೀಯ?"

"ಹದಿನಾರು ವರ್ಷ ಆಯ್ತು, ಅಭ್ಯಾಸ ಆಗೋಗಿದೆ. ಫೋನು ಬೇರೆಯವರದು ಅಕ್ಕ, ಬೇಗ ಹೇಳ್ತೀನಿ. ಅಮ್ಮ ಓಮ್ ಆಗಿದಾರೆ, ತುಂಬಾ ಓಮ್ ಅಂತ ಹೇಳಿ. ಅಷ್ಟು ಹೇಳಿದ್ರೆ ಅವರಿಗೆ ತಿಳಿಯುತ್ತೆ. ಮರೀಬೇಡಿ."

"ಮರೆಯೋದೇನೇ, ಇಳಿದು ಬಂದ ತಕ್ಷಣ ಹೇಳ್ತೀನಿ" ಎಂದು ಥಾಮಕ್ಕ ಫೋನಿಟ್ಟಳು.

ಎಡವಟ್ಟಾದದ್ದು ಇಲ್ಲಿಯೇ. ಓಮ್ ಎಂಬ ಈ ಮಾತಿಗೂ ನಮ್ಮ ಓಂಕಾರಕ್ಕೂ ಏನೇನೂ ಸಂಬಂಧವಿಲ್ಲ. ದಕ್ಷಿಣದಲ್ಲಿ ಓಮ್ ಎಂದರೆ ತೆಳ್ಳಗಾಗುವುದು, ಸೊರಗುವುದು. ಅದೇ ಓಮ್ ಉತ್ತರಕ್ಕೆ ಹೋದರೆ ಕಾಯಿಲೆ ಬೀಳುವುದು. ಥಾಮಕ್ಕನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಉತ್ತರದ ಬಾಯಿಯೊಂದು ತುಂಬಾ ಓಮ್ ಎಂದಿದ್ದರೆ ಅವಳು ಆ ಕ್ಷಣವೇ ಮೂರನೇ ಮಹಡಿಗೆ ಓಡಿ ಬಾಗಿಲು ಬಡಿಯುತ್ತಿದ್ದಳು. ಆದರೆ ಹೇಳಿದ್ದು ಸಾ ಡೆಕ್‌ನ ಬಾಯಿ. ಆ ಬಾಯಿ ಹದಿನಾರು ವರ್ಷ ಉತ್ತರದಲ್ಲಿ ಬಾಳಿ, ರಾಗ ತವರಿನದನ್ನೇ ಉಳಿಸಿಕೊಂಡು ಮಾತು ಮಾತ್ರ ಗಂಡನ ಮನೆಯದನ್ನು ಕಲಿತಿದೆ ಎಂದು ಯಾರು ಯೋಚಿಸುತ್ತಾರೆ, ಅದೂ ನೀರಿನ ಕ್ಯಾನಿನವನು ಕೂಗುತ್ತಿರುವಾಗ?

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಕೇಳಿದ ಮಾತನ್ನು ಕೇಳಿದ ಹಾಗೆ ಒಪ್ಪಿಸಿದ್ದರೆ ಲುವಾನ್ ತನಗೆ ಬೇಕಾದ ಅರ್ಥ ತಾನೇ ಮಾಡಿಕೊಳ್ಳುತ್ತಿದ್ದ. ಆದರೆ ಥಾಮಕ್ಕನ ಜಂಭ ಬಿಡಬೇಕಲ್ಲ! ದಕ್ಷಿಣದ ಓಮ್ ಈ ಉತ್ತರದವನಿಗೆ ಹೇಗೆ ತಿಳಿದೀತು ಎಂದು ಅದನ್ನು ಅವನ ಸೀಮೆಯ ಮಾತಿಗೆ ತಿರುಗಿಸಿಟ್ಟುಕೊಂಡಳು. ಅಲ್ಲಿ ತೆಳ್ಳಗಾಗುವುದಕ್ಕೆ 'ಗೈ' ಎನ್ನುತ್ತಾರೆ.

ಆರೂಮುಕ್ಕಾಲಿಗೆ ಲುವಾನ್ ಇಳಿದು ಬಂದು ಚಿನ್ ಮಾಮನ ಕಾಫಿ ಹಿಡಿದು ನಿಂತ.

"ತಮ್ಮಾ, ನಿಮ್ಮ ಮನಿಯಾಕಿ ಫೋನ್ ಮಾಡಿದ್ಲು" ಎಂದಳು ಥಾಮಕ್ಕ, ನಾಲಿಗೆಯನ್ನು ಉತ್ತರಕ್ಕೆ ಹೊರಳಿಸಿ. "ಅವ್ವಾರು ಭಾಳ ಗೈ ಆಗ್ಯಾರಂತ."

ಲುವಾನ್ ಕಾಫಿ ತಿರುವುತ್ತಲೇ ನಕ್ಕ. "ನಮ್ಮವ್ವ ದಪ್ಪ ಯಾವಾಗ ಇದ್ಲರಿ ಅಕ್ಕಾರ? ಗಾಳಿ ಬಂದ್ರ ಕಂಬ ಹಿಡ್ಕೊಳ್ಳ ಅಂತಿದ್ದ ನಮ್ಮಪ್ಪ. ಇದನ್ನ ಹೇಳಾಕ ಫೋನ್ ಮಾಡ್ಯಾಳೇನು ಈಕಿ?"

"ನಮ್ಮ ಕಡೆ ಹೆಣ್ಣುಮಕ್ಕಳೇ ಹಂಗ ನೋಡು. ಅತ್ತಿ ಒಂದ್ ತುತ್ತು ಕಮ್ಮಿ ಉಂಡ್ರೂ ಜೀವ ತಡ್ಯಂಗಿಲ್ಲ."

"ಆತು. ಒಂದ್ ಡಬ್ಬಿ ಹಾಲಿನ ಪುಡಿ ತಗೊಂಡ್ ಹೋಗ್ತೀನಿ. ಇವತ್ತ ಬೈ ಹಿಯೆನ್ ಕಡೆ ಮಷಿನ್ ನೋಡೂದೈತಿ, ಸಂಜೀಕ ಬರ್ತೀನ್ರಿ" ಎಂದು ಹೊರಟುಹೋದ.

ಅವನು ಹೋದ ಮೇಲೆ ಥಾಮಕ್ಕನಿಗೆ ಯಾಕೋ ಸರಿಹೋಗಲಿಲ್ಲ. ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕ ಹಾಗೆ ಏನೋ ಚುಚ್ಚುತ್ತಿತ್ತು. ಎರಡನೇ ಮಹಡಿಯ ಮೆಟ್ಟಿಲು ಒರೆಸಿ ಇಳಿದವಳು ಮತ್ತೆ ಹತ್ತಿ ಅದೇ ಮೆಟ್ಟಿಲು ಒರೆಸಿದಳು. ನಾನೂರೊಂದಕ್ಕೆ ಹಾಸಬೇಕಾದ ಚಾದರವನ್ನು ಇನ್ನೂರೊಂದಕ್ಕೆ ಹಾಸಿ ಬಂದಳು. ಯಾರದೋ ಫೋನು ಬೇಡಿಕೊಂಡು, ಬೆಳಗ್ಗೆ ಆರು ಗಂಟೆಗೆ, ಮುದುಕಿ ತೆಳ್ಳಗಾಗಿದ್ದಾಳೆಂದು ಹೇಳುವವರುಂಟೇ? ಇರಬಹುದು, ನಮ್ಮ ಕಡೆ ಹುಡುಗಿಯರು ಮೊದಲೇ ಅಳುಬುರುಕಿಯರು. ಆದರೆ ಆ ಹುಡುಗಿ ಅತ್ತಿರಲಿಲ್ಲ. ಅಳದೇ ಮಾತಾಡಿದ್ದೇ ಈಗ ಥಾಮಕ್ಕನಿಗೆ ಕಸಿವಿಸಿಯಾಗುತ್ತಿತ್ತು.

"ಏನು ಕಳಕೊಂಡೆ?" ಎಂದು ಕೇಳಿದ ಚಿನ್ ಮಾಮ, ಅವಳು ನಾಲ್ಕನೇ ಸಲ ಬಾಗಿಲಿಗೆ ಬಂದು ಗಲ್ಲಿ ನೋಡಿದಾಗ.

"ನಿನ್ನ ತಲೆ" ಎಂದು ಒಳಗೆ ಹೋದಳು.

ಹತ್ತೂವರೆಗೆ ಫೋನು ಮತ್ತೆ ಬಡಿದುಕೊಂಡಿತು. ಎರಡೇ ನೆಗೆತಕ್ಕೆ ಕೌಂಟರು ಸೇರಿದಳು.

"ಅಕ್ಕಾ, ವಿಮಾನ ಸಿಕ್ತಾ ಅವರಿಗೆ? ಎಷ್ಟೊತ್ತಿಗೆ ಇಳೀತಾರೆ?"

"ಯಾವ... ವಿಮಾನ?"

"ಅಮ್ಮನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದ್ವಿ. ಇನ್ನು ಇಲ್ಲಿ ಏನೂ ಮಾಡೋಕಾಗಲ್ಲ, ಕರ್ಕೊಂಡು ಹೋಗಿ ಅಂದ್ಬಿಟ್ರು ಡಾಕ್ಟ್ರು. ಮಗ ಬಂದ್ನಾ, ಮಗ ಬಂದ್ನಾ ಅಂತ ಅದೊಂದೇ ಕೇಳ್ತಿದಾರೆ. ನೀವು ಬೆಳಗ್ಗೇನೇ ಹೇಳಿದ್ರಲ್ಲ ಅಕ್ಕ?"

ಓಮ್. ಅಯ್ಯೋ ದೇವರೇ, ಅವಳು ಹೇಳಿದ್ದು ಆ ಓಮ್.

"ಹೇ... ಹೇಳಿದೆ ಕಣೇ. ಬೆಳಗ್ಗೇನೇ ಹೇಳಿದೆ. ಆಗಲೇ ಹೊರಟ್ರು."

ಬಾಯಿಂದ ಸುಳ್ಳು ಬಿದ್ದ ಮೇಲೆಯೇ ಅದು ಸುಳ್ಳೆಂದು ಅವಳಿಗೆ ತಿಳಿದದ್ದು. ವಾಪಸು ತೆಗೆದುಕೊಳ್ಳುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು.

ಆಮೇಲೆ ಅವಳು ಯೋಚಿಸುತ್ತ ಕೂರಲಿಲ್ಲ. ಮೇಜಿನ ಡ್ರಾಯರಿನಲ್ಲಿ ಗಿರಾಕಿಗಳ ಗುರುತಿನ ಚೀಟಿಗಳ ಕಟ್ಟಿತ್ತು. ಕೋಣೆ ಬಿಡುವ ತನಕ ಚೀಟಿ ಲಾಡ್ಜಿನಲ್ಲೇ ಇರುವುದು ರೂಢಿ. ಚೀಟಿಯಿಲ್ಲದೆ ಲುವಾನ್ ವಿಮಾನ ಹತ್ತುವಂತಿಲ್ಲ. ಕಟ್ಟು ಬಿಚ್ಚಿ, ಅವನದನ್ನು ಹುಡುಕಿ, ಅಂಗಿಯ ಜೇಬಿಗೆ ತುರುಕಿ ಪಿನ್ನು ಚುಚ್ಚಿಕೊಂಡಳು.

"ಮಾಮಾ, ಕೌಂಟರು ನೋಡ್ಕೋ."

"ನಾನಾ? ನನ್ನ ಕಾಫಿ ಯಾರು ನೋಡ್ಕೋತಾರೆ?"

"ನಿನ್ನ ಕಾಫಿ ಕದಿಯೋಷ್ಟು ಕೆಟ್ಟ ನಾಲಿಗೆ ಈ ಗಲ್ಲೀಲಿ ಯಾರಿಗೂ ಇಲ್ಲ! ಏಳು!"

ಅವಳ ಮುಖ ನೋಡಿ ಮುದುಕ ಎದುರಾಡದೆ ಎದ್ದ.

ಬೈ ಹಿಯೆನ್ ಇರುವುದು ವಿಮಾನ ನಿಲ್ದಾಣದ ಹಾದಿಯಲ್ಲಿ. ಹಳೇ ಮಗ್ಗದವರ ಕೇರಿ. ಹಳೆಯ ಹೊಲಿಗೆ ಮಷಿನ್ ಮಾರುವ ಅಂಗಡಿ, ಗೋದಾಮು ಅಲ್ಲಿ ಒಂದೇ ಎರಡೇ. ಬಿಸಿಲು ನೆತ್ತಿ ಸುಡುತ್ತಿತ್ತು. ಪ್ರತಿ ಕೂಡುರಸ್ತೆಯಲ್ಲೂ ಬೈಕುಗಳು ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಂತಿದ್ದವು. ಥಾಮಕ್ಕ ತನ್ನ ಹಳೇ ಹೋಂಡಾವನ್ನು ಫುಟ್‌ಪಾತಿಗೆ ಹತ್ತಿಸಿದಳು. ಯಾರೋ ಬೈದರು. ಅವಳೂ ಬೈದಳು. ಈಗ ಹನ್ನೊಂದು. ಬೆಳಗ್ಗೆ ಆರೂಮುಕ್ಕಾಲಿಗೆ ಹೇಳಿದ್ದರೆ ಒಂಬತ್ತರ ವಿಮಾನ ಸಿಗುತ್ತಿತ್ತು, ಹೊತ್ತಿಳಿಯುವ ಮೊದಲೇ ತಾಯಿಯ ಪಕ್ಕದಲ್ಲಿ ಇರುತ್ತಿದ್ದ. ಲೆಕ್ಕ ಬೇಡವೆಂದರೂ ತಲೆ ಅದನ್ನೇ ಹಾಕುತ್ತಿತ್ತು.

ಮೊದಲ ಅಂಗಡಿಯಲ್ಲಿ ಚೀಟಿ ತೆಗೆದು ಫೋಟೋ ತೋರಿಸಿದಳು. "ಈ ಮನುಷ್ಯ ಬಂದಿದ್ನಾ?"

ಅಂಗಡಿಯವನು ಚೀಟಿ ನೋಡಿದ, ಅವಳನ್ನು ನೋಡಿದ, ಮುಖ ತಿರುಗಿಸಿ "ನಾನು ಯಾರನ್ನೂ ನೋಡಿಲ್ಲ" ಎಂದ. ಎರಡನೆಯವನೂ ಅದೇ. ನಾಲ್ಕನೆಯವನು ಮಾತ್ರ ಬಾಯಿಬಿಟ್ಟು ಕೇಳಿದ:

"ನೀನು ವಾರ್ಡಿನ ಪೊಲೀಸಾ?"

"ಹವಾಯಿ ಚಪ್ಪಲಿ ಹಾಕ್ಕೊಂಡು ಬರೋ ಪೊಲೀಸ್ನ ಎಲ್ಲಾದ್ರೂ ನೋಡಿದೀಯಾ?"

"ಹಂಗಾದ್ರೆ ಹೆಂಡ್ತಿ. ಪಾಪ, ಎಲ್ಲಿ ತಪ್ಪಿಸ್ಕೊಂಡ ಗಂಡ?" ಎಂದು ಅವನು ಪಕ್ಕದವನತ್ತ ಕಣ್ಣು ಮಿಟುಕಿಸಿದ.

ಥಾಮಕ್ಕನಿಗೆ ಎಲ್ಲಿತ್ತೋ ಸಿಟ್ಟು. "ಮುಚ್ಚೋ ಬಾಯಿ! ಊರಲ್ಲಿ ಅವನ ತಾಯಿ ಸಾಯ್ತಿದಾಳೆ. ಅವನಿಗೆ ಗೊತ್ತಿಲ್ಲ!"

ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದ್ದಳು. ಅಷ್ಟು ಹೊತ್ತು ಯಾರನ್ನೂ ನೋಡಿರದಿದ್ದ ಅಂಗಡಿಯವರೆಲ್ಲ ಒಟ್ಟಿಗೆ ಎದ್ದರು. "ಯಾರು, ಥಾಯ್ ಬಿನ್‌ನ ಆ ಮರ್ಯಾದಸ್ಥನಾ?" ಎಂದು ಒಬ್ಬ, "ಬೆಳಗ್ಗೆ ನಮ್ಮಲ್ಲೇ ಟೀ ಕುಡಿದ" ಎಂದು ಇನ್ನೊಬ್ಬ. ಕಣ್ಣು ಮಿಟುಕಿಸಿದವನೇ ಮೊಬೈಲು ತೆಗೆದು ನಾಲ್ಕು ಕಡೆ ಕೂಗಾಡಿದ. ಆಮೇಲೆ ತನ್ನ ಬೈಕು ಏರಿ "ನನ್ನ ಹಿಂದೆ ಬಾ ಅಕ್ಕ" ಎಂದು ಮುಂದೆ ಹೊರಟ.

ಕೇರಿಯ ತುದಿಯ ಗೋದಾಮಿನಲ್ಲಿ ಲುವಾನ್ ಒಂದು ಮಷಿನ್ನಿನ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಟ್ಟುಕೊಂಡು ಅದರ ಹೊಟ್ಟೆ ನೋಡುತ್ತಿದ್ದ. ಪಕ್ಕದಲ್ಲಿ ಹಾಲಿನ ಪುಡಿಯ ಡಬ್ಬಿ ಇತ್ತು, ದೊಡ್ಡದು, ಕೆಂಪು ಪ್ಲಾಸ್ಟಿಕ್ ಚೀಲದಲ್ಲಿ.

"ಅಕ್ಕಾರ? ನೀವಿಲ್ಲಿ?"

ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಏನೇನೋ ಜೋಡಿಸಿಕೊಂಡು ಬಂದಿದ್ದಳು. ಎಲ್ಲ ಮರೆತುಹೋಯಿತು. "ತಮ್ಮಾ, ಗೈ ಅಲ್ಲ. ನಿನ್ನ ಹೆಂಡ್ತಿ ಹೇಳಿದ್ದು ಗೈ ಅಲ್ಲ. ಓಮ್ ಅಂದಿದ್ಲು. ತುಂಬಾ ಓಮ್ ಅಂದಿದ್ಲು."

ಲುವಾನ್ ಎದ್ದು ಕೂತ. ಒರೆಸುವ ಬಟ್ಟೆ ತೆಗೆದುಕೊಂಡು ಕೈಯ ಗ್ರೀಸನ್ನು ಒಂದೊಂದೇ ಬೆರಳು ಹಿಡಿದು ಒರೆಸಿದ.

"ನೀವು ಗೈ ಅಂದ್ರಿ."

"ಅಂದೆ."

"ಫೋನ್ ಬಂದದ್ದು?"

"ಆರಕ್ಕೆ. ಮನೆಗೆ ಕರ್ಕೊಂಡು ಬಂದಿದಾರಂತೆ. ಡಾಕ್ಟ್ರು ಕೈಬಿಟ್ರಂತೆ. ನಿನ್ನನ್ನೇ ಕೇಳ್ತಿದಾರಂತೆ. ಏಳು ತಮ್ಮಾ, ನಿನ್ನ ಚೀಟಿ ತಂದಿದೀನಿ."

ವಿಮಾನ ನಿಲ್ದಾಣದ ತನಕ ಅವನು ಬೈಕಿನ ಹಿಂದೆ ಕೂತು ಬಂದ. ಬೈಯುತ್ತಾನೆಂದು ಕಾದಳು, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನೂರಿಗೆ ಹತ್ತಿರದ ಹೈ ಫಾಂಗಿಗೆ ಮೂರು ಗಂಟೆಯ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಅಲ್ಲಿಳಿದು ಕಾರು ಹಿಡಿದರೂ ಊರು ಸೇರುವಾಗ ಏಳು ದಾಟುತ್ತದೆ. ಬಾಗಿಲಲ್ಲಿ ಥಾಮಕ್ಕ ತಡೆಯಲಾರದೆ ಉಳಿದದ್ದನ್ನೂ ಹೇಳಿಬಿಟ್ಟಳು. "ಇನ್ನೊಂದು ತಪ್ಪು ಮಾಡಿದೀನಿ. ಬೆಳಗ್ಗೇನೇ ಹೇಳಿದೆ, ಆಗಲೇ ಹೊರಟ್ರು ಅಂತ ಡಿಯೆಮ್‌ಗೆ ಸುಳ್ಳು ಹೇಳಿಬಿಟ್ಟೆ. ಭಯ ಆಯ್ತು. ಅವಳ ದನಿ ಕೇಳಿ ನಮ್ಮೂರವಳು ಅಂದ್ಕೊಂಡು ನಮ್ಮೂರ ಅರ್ಥ ಮಾಡ್ಕೊಂಡೆ ತಮ್ಮಾ. ಅವಳು ಫೋನ್ ಮಾಡಿದ್ರೆ ನಿಜ ಹೇಳ್ತೀನಿ."

"ಬ್ಯಾಡ್ರಿ" ಎಂದ ಲುವಾನ್. "ಆಕಿಗೆ ಹೇಳಬ್ಯಾಡ್ರಿ ಅಕ್ಕಾರ. ಊರಾಗ ಇವತ್ತಿಗೂ ಆಕಿ ರಾಗಾ ಹಿಡಿದು ಆಡ್ಕೋತಾರ. ತನ್ನ ಬಾಯಿಂದನ ಹಿಂಗಾತು ಅಂತ ತಿಳಿದ್ರ ಆಕಿ ಬಾಯಿ ಬಿಡೂದನ್ನ ಬಿಟ್ಟಾಳು."

ಅವನು ಒಳಗೆ ಹೋದ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಸಾಲಿನಲ್ಲಿ ನಿಂತದ್ದು ಗಾಜಿನಾಚೆಯಿಂದ ಕಾಣುತ್ತಿತ್ತು.

ಆ ಸಂಜೆ, ಮರುದಿನ ಬೆಳಗ್ಗೆ, ಥಾಮಕ್ಕ ಲಾಡ್ಜಿನಲ್ಲಿ ತೊಳೆಯದ ವಸ್ತುವಿಲ್ಲ. ಪರದೆ ಇಳಿಸಿ ಒಗೆದಳು. ಫ್ಯಾನು ಬಿಚ್ಚಿ ಒರೆಸಿದಳು. ಫೋನು ಹೊಡೆದರೆ ಓಡಿ ಬರುವಳು, ಎತ್ತುವ ಮೊದಲು ಕೈ ಹಿಂದೆಗೆಯುವಳು. ಒಂದು ಸಲ ಲಾಡ್ಜಿನ ಮಾಲಕಿ, ಒಂದು ಸಲ ಟೂರಿನವರು, ಒಂದು ಸಲ ಯಾವುದೋ ತಪ್ಪು ನಂಬರು. ಥಾಯ್ ಬಿನ್‌ನ ಮುದುಕಿ ಇದ್ದಾಳೋ ಇಲ್ಲವೋ, ಮಗ ಮುಖ ನೋಡಿದನೋ ಇಲ್ಲವೋ, ಅದು ತಿಳಿಯದೆ ಒಂದು ತುತ್ತು ಅನ್ನ ಒಳಗೆ ಇಳಿಯಲಿಲ್ಲ. ಚಿನ್ ಮಾಮ ಕೂಡ ಅವಳನ್ನು ರೇಗಿಸುವುದನ್ನು ನಿಲ್ಲಿಸಿದ್ದ.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಆ ಫೋನು ಬಂತು. ಎತ್ತುತ್ತಲೇ ತಮಟೆ ಮತ್ತು ಸಾವಿನ ಮನೆಯ ಕಹಳೆ ಕೇಳಿಸಿತು. ಕೇಳಬೇಕಾದದ್ದು ಏನೂ ಉಳಿಯಲಿಲ್ಲ.

"ಅಕ್ಕ, ನಾನು ಡಿಯೆಮ್. ನಿನ್ನೆ ಐದು ಗಂಟೆಗೆ ಅಮ್ಮ ಹೋದ್ರು. ಇವರು ಬಂದಿದ್ದು ಏಳೂವರೆಗೆ."

"ಅಯ್ಯೋ ಮಗಳೇ..."

"ಒಂದೇ ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬೇಡಿ. ನೀವು ಬೆಳಗ್ಗೆ ಇವರಿಗೆ ಹೇಳಿದ್ದು ಹೌದಾ? ಇವರನ್ನ ಕೇಳಿದ್ರೆ, ಹೌದು, ಹೇಳಿದ್ರು, ನಾನೇ ಮಷಿನ್ ಮುಗಿಸ್ಕೊಂಡು ಹೊರಟ್ರಾಯ್ತು ಅಂದ್ಕೊಂಡೆ ಅಂತಾರೆ. ಎಲ್ಲರ ಮುಂದೆ ಹಾಗೇ ಹೇಳಿದ್ರು. ಇವರಣ್ಣ ಇವರನ್ನ ಅಮ್ಮನ ಹತ್ತಿರ ಕೂರೋಕೇ ಬಿಡ್ಲಿಲ್ಲ. ನಾನೂ ಬಾಯಿಗೆ ಬಂದ ಹಾಗೆ ಬೈದೆ. ಹೆತ್ತವಳಿಗಿಂತ ಮಷಿನ್ ಹೆಚ್ಚಾಯ್ತಾ ಅಂದೆ. ಒಂದು ಮಾತು ತಿರುಗಿ ಆಡ್ಲಿಲ್ಲ ಅಕ್ಕ, ಅಂಗಳದಲ್ಲಿ ನಿಂತೇ ಇದಾರೆ." ಉಸಿರು ಎಳೆದುಕೊಂಡಳು. "ಅವರು ಅಂಥೋರಲ್ಲ. ಅದಕ್ಕೇ ಕೇಳ್ತಿದೀನಿ."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಲುವಾನ್ ಬೇಡಿಕೊಂಡದ್ದೂ ಅದನ್ನೇ. ಆದರೆ ತಾಯಿಯ ಸಾವಿನ ಮನೆಯಲ್ಲಿ ಅಂಗಳದಲ್ಲಿ ನಿಂತ ಆ ಮನುಷ್ಯನನ್ನು ನೆನೆದು ಥಾಮಕ್ಕನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಬೆಳಗ್ಗೆ ಹೇಳಿದೆ. ಆದ್ರೆ ತಪ್ಪು ಹೇಳಿದೆ. ನೀನು ಓಮ್ ಅಂದೆ, ನಾನು ಹೋಗಿ ಗೈ ಅಂದೆ. ನಿನ್ನ ಅಮ್ಮ ತೆಳ್ಳಗಾಗಿದಾರಂತೆ ಅಂದೆ. ಅವನು ನಕ್ಕೊಂಡು ಹೋದ. ನಿಜ ತಿಳಿದ ಮೇಲೆ ಒಂದು ಕ್ಷಣ ನಿಲ್ಲಲಿಲ್ಲ ಕಣೇ. ನಿನಗೆ ಹೇಳಬೇಡ ಅಂದಿದ್ದ, ನೀನು ನಿನ್ನ ಬಾಯಿಗೆ ಬೈಕೋತೀಯ ಅಂತ. ನಿಂದೇನೂ ತಪ್ಪಿಲ್ಲ. ತಪ್ಪು ನಂದು, ಎಲ್ಲರ ಮಾತೂ ಬರುತ್ತೆ ಅನ್ನೋ ನನ್ನ ಹಾಳು ಜಂಭದ್ದು."



"ಮದುವೆಯಾಗಿ ಬಂದ ಹೊಸದು" ಎಂದಳು ಡಿಯೆಮ್. ಕಹಳೆಯ ಸದ್ದಿನಲ್ಲಿ ದನಿ ಸರಿಯಾಗಿ ಕೇಳುತ್ತಿರಲಿಲ್ಲ. "ಒಂದಿನ ಅಮ್ಮ ಹೊದ್ದುಕೊಂಡು ಮಲಗಿದ್ರು. ಏನಮ್ಮಾ ಅಂದೆ, ಓಮ್ ಅಂದ್ರು. ಹಾಗಾದ್ರೆ ಚೆನ್ನಾಗಿ ಊಟ ಮಾಡಿ, ದಪ್ಪ ಆಗ್ತೀರ ಅಂದೆ ನಾನು. ಅಷ್ಟು ಜ್ವರದಲ್ಲೂ ನಕ್ಕರು. ನನ್ನ ಕೈ ತಗೊಂಡು ಹಣೆ ಮೇಲೆ ಇಟ್ಕೊಂಡ್ರು. ಇದಕ್ಕೆ ನಮ್ಮಲ್ಲಿ ಓಮ್ ಅಂತೀವಿ ಮಗಳೇ, ಕಲ್ತುಕೋ ಅಂದ್ರು. ಆ ಮಾತು ನನಗೆ ಕಲಿಸಿದ್ದೇ ಅವರು ಅಕ್ಕ."

ಥಾಮಕ್ಕ ಕ್ಷಮಿಸು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡೆ ಫೋನನ್ನು ಎಲ್ಲೋ ಹಾಗೇ ಇಟ್ಟ ಸದ್ದಾಯಿತು. ಕಟ್ಟಾಗಿರಲಿಲ್ಲ. ಚಪ್ಪಲಿಯ ಕಾಲು ಓಡಿದ್ದು ಕೇಳಿಸಿತು. ಆಮೇಲೆ ತಮಟೆ, ಕಹಳೆ, ಜನರ ಗದ್ದಲ ಎಲ್ಲವನ್ನೂ ಮೀರಿ, ಅಪ್ಪಟ ಸಾ ಡೆಕ್‌ನ ರಾಗದಲ್ಲಿ, ಆ ಹೆಂಗಸು ಗಂಡನನ್ನು ಕೂಗುತ್ತಿದ್ದಳು: "ರೀ! ರೀ, ಒಳಗೆ ಬನ್ನಿ! ಅಮ್ಮನ ಹತ್ರ ಬನ್ನಿ!"

ಕೌಂಟರಿನ ಮುಂದೆ ಯಾರೋ ಕೀಲಿ ಕೇಳುತ್ತ ನಿಂತಿದ್ದರು. ಥಾಮಕ್ಕ ಅವರಿಗೆ ಕೈ ಅಡ್ಡ ಮಾಡಿ, ಇನ್ನೊಂದು ಕಿವಿ ಮುಚ್ಚಿಕೊಂಡು, ಆ ಕಡೆ ಅವನು ಓಗೊಡುವ ತನಕ ಫೋನು ಹಿಡಿದೇ ಇದ್ದಳು.